ಐದು ಗಾಲಿಕುರ್ಚಿ, ಒಂದು ಗಂಟೆ, ಒಂದು ಗಂಟು

ಹೇಳಿಕೆ ಕೊಡುತ್ತಿರುವವನ ಹೆಸರನ್ನು ಠಾಣೆಯವರು ಆಗಲೇ ಬರೆದುಕೊಂಡಿದ್ದಾರೆ. ಆ ಹೆಸರಿನಿಂದ ನನ್ನನ್ನು ಕರೆಯುವವರು ಯಾರೂ ಈಗ ಉಳಿದಿಲ್ಲ. ಜೆಟ್ಟಿಯಲ್ಲಿ ಎಲ್ಲರೂ ಗಾಳಿಮಾವ ಎನ್ನುತ್ತಾರೆ. ವಯಸ್ಸು ಎಪ್ಪತ್ತೆರಡು. ಕಸುಬು: ಮೊದಲು ಫೆರಿಯಲ್ಲಿ ಹಗ್ಗ ಕಟ್ಟುವ ಕೆಲಸ, ನಿವೃತ್ತನಾದ ಮೇಲೆ ಅಂಗವಿಕಲರಿಗೆ ಹಾಯಿದೋಣಿ ನಡೆಸಲು ಕಲಿಸುವ ಸೇವಾಸಂಸ್ಥೆಯ ಮೇಲ್ವಿಚಾರಣೆ, ಸಂಬಳವಿಲ್ಲ. ವಾಸ: ದೋಣಿ ಕ್ಲಬ್ಬಿನ ಹಿಂದಿನ ಬೀದಿ, ಮಹಡಿಯ ಮೇಲೆ ಹಾಯಿಬಟ್ಟೆ ಒಣಗಲು ಹಾಕಿರುವ ಮನೆ. ಠಾಣೆಯ ರೈಟರ್ ಅವರ ಎದುರು, ಯಾರ ಒತ್ತಾಯವೂ ಇಲ್ಲದೆ, ಅವರು ಕೊಟ್ಟ ಚಹಾ ಕುಡಿದು, ಈ ಮೂಲಕ ಬಾಯಿಬಿಟ್ಟು ತಿಳಿಸುವುದೇನೆಂದರೆ:

ನಿನ್ನೆ ಭಾನುವಾರ ಸಂಜೆ ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಜೆಟ್ಟಿಯ ಕಂಬಕ್ಕೆ ತೂಗುಹಾಕಿರುವ ಹಿತ್ತಾಳೆ ಗಂಟೆಯನ್ನು ಬಿಡದೆ ಬಾರಿಸಿದವನು ನಾನು. ಆ ಗಂಟೆ ಹೊಡೆದರೆ ಯಾರೋ ನೀರಿಗೆ ಬಿದ್ದು ಮುಳುಗುತ್ತಿದ್ದಾರೆ ಎಂದರ್ಥ. ಯಾರೂ ಬಿದ್ದಿರಲಿಲ್ಲ. ಯಾರೂ ಮುಳುಗುತ್ತಿರಲಿಲ್ಲ. ಶುದ್ಧ ಸುಳ್ಳು. ನಾನು ಜೀವಮಾನದಲ್ಲಿ ಬೇಕಾದಷ್ಟು ಕೀಟಲೆ ಮಾಡಿದ್ದೇನೆ, ಫೆರಿ ಕ್ಯಾಪ್ಟನ್ನನ ಟೋಪಿಯ ಒಳಗೆ ಒಣಮೀನು ಇಟ್ಟು ಹೊಲಿದವನೂ ನಾನೇ. ಆದರೆ ಆ ಗಂಟೆಯನ್ನು ಇದುವರೆಗೆ ತಮಾಷೆಗೆ ಮುಟ್ಟಿರಲಿಲ್ಲ. ನಿನ್ನೆಯೂ ತಮಾಷೆಗೆ ಮುಟ್ಟಲಿಲ್ಲ.

ಕ್ಲಬ್ಬಿನ ಮ್ಯಾನೇಜರ್ ನಿನ್ನೆ ಸಂಜೆಯೇ ಇಲ್ಲಿಗೆ ಬಂದು, ಅತಿಥಿಗಳು ನಿಂತಿದ್ದ ತೇಲುವ ವೇದಿಕೆಯ ಹಗ್ಗವನ್ನು ನಮ್ಮ ಸಂಸ್ಥೆಯ ದರ್ಜಿ ಬಿಚ್ಚಿದಳೆಂದು ದೂರು ಕೊಟ್ಟಿದ್ದಾರೆ. ಈ ಮ್ಯಾನೇಜರನ್ನು ನಾವು ಇಸ್ತ್ರಿ ಎನ್ನುತ್ತೇವೆ. ಅಂಗಿಯೂ ಹಾಗೆ, ಮಾತೂ ಹಾಗೆ, ಮೇಲೆ ಒಂದು ಸುಕ್ಕಿಲ್ಲ, ಮುಟ್ಟಿದರೆ ಸುಡುತ್ತದೆ. ಅಡ್ಡಹೆಸರು ಬೇಡ ಎಂದು ರೈಟರ್ ಹೇಳಿದ್ದರಿಂದ ಇನ್ನು ಮುಂದೆ ಮ್ಯಾನೇಜರ್ ಎಂದೇ ಹೇಳುತ್ತೇನೆ. ದರ್ಜಿ ಎಂದರೆ ಪೇಟೆಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿರುವ ಹೆಂಗಸು. ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಆಕೆಗೆ ಸೊಂಟದಿಂದ ಕೆಳಗೆ ಸ್ಪರ್ಶವಿಲ್ಲ. ಮುಂದಿನ ಭಾನುವಾರದಿಂದ ಹೊಸಬರಿಗೆ ದೋಣಿ ಕಲಿಸುವ ಗುರು ಆಕೆ. ನಮ್ಮಲ್ಲಿ ಕಲಿತವರೇ ಕಲಿಸಲು ಕೂರುವುದು ಇದೇ ಮೊದಲು. ಆಕೆಯ ಮೇಲೆ ಕೇಸು ನಿಂತರೆ ಕ್ಲಬ್ಬಿನವರು ಜನ್ಮದಲ್ಲಿ ಆಕೆಯನ್ನು ಜೆಟ್ಟಿಗೆ ಬಿಡುವುದಿಲ್ಲ. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ಮೊದಲಿಗೆ ನಮ್ಮ ನಿಯಮ. ನಮ್ಮ ಸಂಸ್ಥೆಯಲ್ಲಿ ಇರುವುದು ಒಂದೇ ನಿಯಮ: ಕೇಳದೆ ಕೈ ಹಾಕಬಾರದು. ಮನುಷ್ಯರಿಗಾಗಲಿ, ಅವರ ಕುರ್ಚಿಗಾಗಲಿ, ಚುಕ್ಕಾಣಿಗಾಗಲಿ, ಹಗ್ಗಕ್ಕಾಗಲಿ. ದೋಣಿಯಲ್ಲಿ ಜೊತೆಗೆ ಹೋಗುವವರು ಎರಡೂ ಅಂಗೈಗಳನ್ನು ತೊಡೆಯಡಿ ಇಟ್ಟುಕೊಂಡು ಕೂರಬೇಕು. ನಡೆಸುವವರು ಕೈ ಕೊಡಿ ಎಂದಾಗ ಕೈ ಕೊಡಬೇಕು, ಕೈಕೊಡಬಾರದು. ಈ ನಿಯಮ ಮಾಡಿದ್ದು ನನ್ನ ಹೆಂಡತಿ. ಲಕ್ವ ಹೊಡೆದು ಬಲಭಾಗ ಬಿದ್ದುಹೋದ ಮೇಲೆ ಆಕೆ ಹಠ ಹಿಡಿದು ದೋಣಿ ಹತ್ತಿದಳು. ತಿರುವಿನಲ್ಲಿ ನಾನು ಸಹಾಯ ಮಾಡಲು ಹೋಗಿ ಚುಕ್ಕಾಣಿ ಹಿಡಿದೆ. ಎಡಗೈಯಲ್ಲಿ ಫಟ್ಟೆಂದು ಹೊಡೆದಳು. ಆಗ ಆಕೆಗೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಆದರೂ “ಕೇಳಿದ್ನಾ?” ಎಂಬ ಒಂದು ಮಾತು ನೆಟ್ಟಗೆ ಬಂತು. ಆಕೆ ಈಗಿಲ್ಲ. ನಿಯಮ ಇದೆ.

ನಿನ್ನೆ ಮಧ್ಯಾಹ್ನ ಎರಡು ಗಂಟೆಗೆ ನಮ್ಮ ಆರು ದೋಣಿಗಳು ನೀರಿಗಿಳಿದವು. ಗಾಲಿಕುರ್ಚಿಯವರು ಐದು ಜನ, ತಲಾ ಒಂದು ದೋಣಿ. ಅವರನ್ನು ಜೆಟ್ಟಿಯ ತುದಿಯಲ್ಲಿರುವ ಕೈಕ್ರೇನಿನಿಂದ ಇಳಿಸುತ್ತೇವೆ. ಕ್ರೇನಿಗೆ ಕಟ್ಟಿದ ಬಟ್ಟೆಯ ತೊಟ್ಟಿಲನ್ನು ಹೊಲಿದವಳು ದರ್ಜಿಯೇ. ಅವರು ಇಳಿದ ಮೇಲೆ ಖಾಲಿ ಕುರ್ಚಿಗಳನ್ನು ಬ್ರೇಕು ಹಾಕಿ, ನೀರಿನ ಕಡೆ ಮುಖಮಾಡಿ, ಸಾಲಾಗಿ ನಿಲ್ಲಿಸುತ್ತೇವೆ. ಅವರವರ ಪಾದರಕ್ಷೆ ಅವರವರ ಕುರ್ಚಿಯ ಮೇಲೆ. ವಾಪಸು ಬರುವವರಿಗೆ ದೂರದಿಂದಲೇ ತಮ್ಮ ಜಾಗ ಕಾಣಲಿ ಎಂದು ಹೀಗೆ. ಇಷ್ಟು ವರ್ಷದಲ್ಲಿ ಒಂದು ಚಪ್ಪಲಿಯೂ ಕಳುವಾದದ್ದಿಲ್ಲ.

ಆರನೆಯ ದೋಣಿ ಮೇಷ್ಟ್ರದು. ಅವರಿಗೆ ಕಣ್ಣು ಕಾಣುವುದಿಲ್ಲ. ಕೆನ್ನೆಗೆ ತಾಗುವ ಗಾಳಿಯ ಮೇಲೆ ದೋಣಿ ನಡೆಸುತ್ತಾರೆ. ನಾನು ಅವರ ಜೊತೆ ಕೈಗಳ ಮೇಲೆ ಕೂತಿದ್ದೆ. ಮೂರೂವರೆಗೆ ಎಲ್ಲರೂ ತಿರುಗಿ ಬಂದೆವು. ನೋಡಿದರೆ ಜೆಟ್ಟಿಯ ಮೇಲೆ ಒಂದೂ ಕುರ್ಚಿಯಿಲ್ಲ. ಮೇಷ್ಟ್ರಿಗೆ ನಾನು, ಎಲ್ಲಿಗೆ ತಂದು ಬಿಟ್ಟೆಯಯ್ಯ, ಇದು ನಮ್ಮ ಜೆಟ್ಟಿಯಲ್ಲ ಎಂದೆ. ಅವರು, “ಕಣ್ಣಿರೋದು ನಿಂಗೆ, ನೋಡಿ ಹೇಳೋ” ಎಂದರು. ನೋಡಿದೆ. ನಮ್ಮದೇ ಜೆಟ್ಟಿ. ಕ್ರೇನಿಗೆ ತಲೆಯಿಂದ ಬುಡದವರೆಗೆ ಹೊಳೆಯುವ ಗುಲಾಬಿ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಹೂವಿನ ಸರ ಬಿಟ್ಟಿದ್ದರು.

ನಿನ್ನೆ ಕ್ಲಬ್ಬಿನ ವಾರ್ಷಿಕ ಕೂಟವಿತ್ತು. ಹುಲ್ಲುಹಾಸಿನಲ್ಲಿ ಶಾಮಿಯಾನ, ಜೆಟ್ಟಿಯ ಪಕ್ಕದಲ್ಲಿ ಬಾಡಿಗೆಗೆ ತಂದ ತೇಲುವ ವೇದಿಕೆ. ಕಾವಲುಗಾರನನ್ನು ಕುರ್ಚಿ ಎಲ್ಲಿ ಎಂದು ಕೇಳಿದೆ. ಅವನು ನನ್ನ ಮುಖ ನೋಡದೆ, “ನನ್ನ ಬೈಬೇಡಿ ಮಾವ, ಫೋಟೋದಲ್ಲಿ ಆಸ್ಪತ್ರೆ ಥರ ಕಾಣ್ತದೆ, ತೆಗಿ ಅಂದ್ರು, ತೆಗ್ದೆ” ಎಂದ. ಐದನ್ನೂ ಜನರೇಟರ್ ಶೆಡ್ಡಿಗೆ ನೂಕಿ ಬೀಗ ಹಾಕಲಾಗಿತ್ತು. ಕೀಲಿ ಮ್ಯಾನೇಜರ್ ಜೇಬಿನಲ್ಲಿತ್ತು.

ದಿನಾ ಪತ್ರಿಕೆಯಲ್ಲಿ ಕುರ್ಚಿಗಾಗಿ ಕಿತ್ತಾಡುವವರ ಸುದ್ದಿ ಓದುತ್ತೇವೆ. ಅವರ ಕುರ್ಚಿ ಹೋದರೆ ಕಾಲಾದರೂ ಉಳಿದಿರುತ್ತದೆ. ಇದು ಸಾಮಾನು ಎತ್ತಿಟ್ಟ ವಿಷಯವಲ್ಲ ಎಂದು ರೈಟರ್ ದಯವಿಟ್ಟು ಬರೆದುಕೊಳ್ಳಬೇಕು. ಒಬ್ಬ ಮನುಷ್ಯ ಈಜಲು ಇಳಿದಾಗ ಅವನ ಎರಡು ಕಾಲನ್ನೂ ಶೆಡ್ಡಿನಲ್ಲಿ ಇಟ್ಟು ಬೀಗ ಹಾಕಿದರೆ ಯಾವ ಕಲಂ ಹಾಕುತ್ತೀರೋ, ಅದೇ ಕಲಂ ಹಾಕಬೇಕು.

ದರ್ಜಿಯ ವಿಷಯದಲ್ಲಿ ಇನ್ನೊಂದು ಮಾತಿದೆ. ಆಕೆಗೆ ಕೂತ ಜಾಗದಲ್ಲಿ ನೋವು ತಿಳಿಯುವುದಿಲ್ಲ. ನಮಗೆ ನೋವಾದರೆ ಹೊರಳುತ್ತೇವೆ. ಆಕೆ ಹೊರಳದೆ ಕೂತರೆ ಚರ್ಮ ಒಳಗಿನಿಂದಲೇ ಸಾಯುತ್ತದೆ, ಹುಣ್ಣಾಗುತ್ತದೆ. ಒಮ್ಮೆ ಹಾಗಾಗಿ ಐದು ತಿಂಗಳು ಬೋರಲು ಮಲಗಿದ್ದಳು. ಅದಕ್ಕೇ ಆಕೆಯ ಕುರ್ಚಿಯಲ್ಲಿ ಗಾಳಿ ತುಂಬುವ ಮೆತ್ತೆಯಿದೆ. ದೋಣಿಯಲ್ಲಿ ಇರುವುದು ತೆಳು ಸ್ಪಂಜು. ಅದರ ಮೇಲೆ ಕೂತ ಎರಡು ಗಂಟೆಯೊಳಗೆ ಎದ್ದುಬಿಡಬೇಕು ಎಂದು ಡಾಕ್ಟರು ಹೇಳಿದ್ದಾರೆ. ಜೆಟ್ಟಿ ನೀರಿನಿಂದ ಎದೆಯೆತ್ತರ ಮೇಲಿದೆ. ಕೈಯಿಂದ ಎಳೆದೆತ್ತಿದರೆ ಒದ್ದೆ ಚರ್ಮ ಸುಲಿಯುತ್ತದೆ. ಕ್ರೇನಿನಿಂದ ಎತ್ತೋಣವೆಂದರೆ ಇಳಿಸುವುದು ಎಲ್ಲಿಗೆ? ಸಿಮೆಂಟಿನ ಮೇಲೆ? ಆದರೂ ನಾನು, ಎತ್ತಿಸಿಬಿಡಲೇನಮ್ಮ ಎಂದು ಕೇಳಿದೆ. “ಮೂಟೆ ಎತ್ತೋ ಹಾಗೆ ಎತ್ತೋದಕ್ಕೆ ನಾನೇನು ಸಕ್ಕರೆನಾ? ಕುರ್ಚಿ ತನ್ನಿ ಮಾವ” ಎಂದಳು. ಎರಡೂ ಕೈಯನ್ನು ದೋಣಿಯ ಅಂಚಿಗೆ ಊರಿ ಮೈಯನ್ನು ಮೇಲೆತ್ತಿ, ಸ್ವಲ್ಪ ಹೊತ್ತು ತಡೆದು, ಕೆಳಗೆ ಬಿಟ್ಟಳು. ಮತ್ತೆ ಎತ್ತಿದಳು. ಬಟ್ಟೆ ಪೂರ್ತಿ ಒದ್ದೆಯಾಗಿತ್ತು.

ಮೂರು ಮುಕ್ಕಾಲಿಗೆ ನಾನು ಶಾಮಿಯಾನಕ್ಕೆ ಹೋದೆ. ಮ್ಯಾನೇಜರ್ ಮುಖ್ಯ ಅತಿಥಿಯ ಪಕ್ಕ ನಿಂತಿದ್ದರು. ನನ್ನ ಒದ್ದೆ ಪ್ಯಾಂಟು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಕೀಲಿ ಕೊಡಿ ಎಂದೆ. ಭಾಷಣ ಮುಗಿಯಲಿ ಎಂದರು. ಭಾಷಣದ ವಿಷಯ: ಎಲ್ಲರನ್ನೂ ಒಳಗೊಳ್ಳುವ ಕ್ರೀಡೆ. ಇದನ್ನು ನಾನು ಹುಟ್ಟಿಸಿ ಹೇಳುತ್ತಿಲ್ಲ, ಹಿಂದೆ ಬ್ಯಾನರಿನಲ್ಲೇ ಬರೆದಿತ್ತು, ನಮ್ಮ ದೋಣಿಯ ಚಿತ್ರವೂ ಇತ್ತು. ಚಿತ್ರದಲ್ಲಿ ದೋಣಿ ನಡೆಸುತ್ತಿದ್ದವಳು ದರ್ಜಿ. ಹತ್ತು ನಿಮಿಷ ಕಾದೆ. ಅತಿಥಿಗೆ ಚಪ್ಪಾಳೆ ಬಂತು, ಸನ್ಮಾನ ಶುರುವಾಯಿತು. ಮತ್ತೆ ಕೇಳಿದೆ. “ರೀ ತಾತ, ಐದು ನಿಮಿಷ ಸುಮ್ನಿರ್ರೀ” ಎಂದರು. ಆ ಐದು ನಿಮಿಷ ಎರಡು ಸಲ ಐದು ನಿಮಿಷವಾಯಿತು. ವಾಪಸು ಬಂದು ದೋಣಿಯೊಳಗೆ ಬಗ್ಗಿ ನೋಡಿದೆ. ಆಕೆ ಮೈ ಎತ್ತುವುದಕ್ಕೆ ಹೋಗಿ ಅರ್ಧಕ್ಕೇ ತೋಳು ಸೋತು ಧೊಪ್ಪನೆ ಕೂತಳು. ನಾನು ನೋಡಿದೆನೆಂದು ತಿಳಿದು ನಕ್ಕಳು. ಆಗ ಗಂಟೆ ಬಾರಿಸಿದೆ.

ಗಂಟೆ ಕೇಳಿ ಇಡೀ ಕೂಟ ಓಡಿ ಬಂತು. ಎಲ್ಲಿಗೆ ಓಡಿತು ಎಂಬುದನ್ನು ಬರೆದುಕೊಳ್ಳಿ. ಜೆಟ್ಟಿಗಲ್ಲ. ಜೀವರಕ್ಷಕ ಟ್ಯೂಬು ತೂಗಿರುವ ಕಂಬಕ್ಕಲ್ಲ. ಸೀದಾ ತೇಲುವ ವೇದಿಕೆಗೆ, ಅಲ್ಲಿಂದ ಚೆನ್ನಾಗಿ ಕಾಣುತ್ತದೆಂದು. ಮೂವತ್ತು ಮೂವತ್ತೈದು ಜನರಿರಬಹುದು, ಎಲ್ಲರ ಕೈಯಲ್ಲೂ ಫೋನು. ಮುಳುಗುವವರು ಸಿಕ್ಕಿದ್ದರೆ ಫೋನಿನೊಳಗೆ ಬಲು ಅಂದವಾಗಿ ಮುಳುಗಿಸುತ್ತಿದ್ದರು. ಎಲ್ಲಿ, ಎಲ್ಲಿ ಎಂದು ಕೇಳಿದರು. ನಾನು ಜೆಟ್ಟಿಯಿಂದಲೇ, ಯಾರೂ ಮುಳುಗಿಲ್ಲ, ಕೀಲಿ ಬೇಕು ಎಂದು ಕೂಗಿದೆ.

ಮ್ಯಾನೇಜರ್ ವೇದಿಕೆಯ ಕಂಬಿ ಹಿಡಿದು ನನ್ನನ್ನು ಬೈದರು. ಬೈದದ್ದು ನ್ಯಾಯ, ಗಂಟೆ ಸುಳ್ಳಾಗಿತ್ತು. ಫೋಟೋ ಒಂದು ಆಗಲಿ, ಆಮೇಲೆ ಕೊಡುತ್ತೇನೆ ಎಂದರು. ಅಲ್ಲಿ ಅವರು ನೀರಲ್ಲಿ ಕೂತಿದ್ದಾರೆ ಸ್ವಾಮಿ ಎಂದೆ. ಅದಕ್ಕೆ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಬರೆಯಬೇಕೆಂದು ಪ್ರಾರ್ಥನೆ: “ಅವ್ರು ಹೇಗೂ ಕೂತೇ ಇರೋರಲ್ವೇನ್ರೀ? ಅಲ್ಲಿ ಕೂತ್ರೇನು, ಇಲ್ಲಿ ಕೂತ್ರೇನು?”

ಯಾರೋ ಒಬ್ಬರು ನಕ್ಕರು. ದೋಣಿಯಲ್ಲಿದ್ದ ಐವರೂ ಕೇಳಿಸಿಕೊಂಡರು. ನೀರಿನ ಮೇಲೆ ಮಾತು ದೂರ ಹೋಗುತ್ತದೆ.

ನಾಲ್ಕೂಕಾಲಿಗೆ ವೇದಿಕೆ ಜೆಟ್ಟಿಯನ್ನು ಬಿಟ್ಟು ಸರಿಯಿತು. ಹೇಗೆ ಬಿಟ್ಟಿತು ಎಂಬುದಕ್ಕೆ ಬರುತ್ತೇನೆ. ದಡದ ಕಡೆಯಿಂದ ಗಾಳಿ ಬೀಸುತ್ತಿತ್ತು. ಸುಮಾರು ನಲವತ್ತು ಅಡಿ ಹೋಗಿ ಲಂಗರಿನ ಸರಪಳಿ ಬಿಗಿದು ಅಲ್ಲೇ ನಿಂತಿತು. ಜನ ಕಿರುಚಿದರು. ಅಮ್ಮ ಎಂದರು, ಅಪ್ಪ ಎಂದರು. ಒಬ್ಬರು, ದಡ ಇಷ್ಟು ಹತ್ತಿರ ಇದೆ, ಇಳಿಯೋಕಾಗ್ತಿಲ್ಲ, ಇದೇನು ಕರ್ಮ ಎಂದರು. ನಾನು ಕೈಯನ್ನು ಬಾಯಿಗಿಟ್ಟು, “ಕೂತ್ಕೊಳ್ಳಿ ಸ್ವಾಮಿ, ಅಲ್ಲಿ ಕೂತ್ರೇನು, ಇಲ್ಲಿ ಕೂತ್ರೇನು!” ಎಂದು ಕೂಗಿದೆ. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ನನ್ನ ಎಪ್ಪತ್ತೆರಡು ವರ್ಷದಲ್ಲಿ ಅಷ್ಟು ಹಿತವಾದ ಮಾತನ್ನು ನಾನು ಆಡಿಲ್ಲ ಎಂದು ಆಗ ಅನ್ನಿಸಿತು.

ದರ್ಜಿ ನಗಲಿಲ್ಲ. ಜೆಟ್ಟಿಗೆ ಕಟ್ಟಿದ್ದ ತನ್ನ ಹಗ್ಗವನ್ನು ದೋಣಿಯ ಕಡೆಯ ತುದಿಯಲ್ಲಿ ಬಿಡಿಸಿಕೊಂಡು ಹಾಯಿ ಏರಿಸಿ ವೇದಿಕೆಯ ಕಡೆ ಹೋದಳು. ಮ್ಯಾನೇಜರ್ ನಿಂತಿದ್ದ ಕಡೆಗೇ ಹೋಗಿ, ಒಂದು ಮೊಳ ಬಿಟ್ಟು ದೋಣಿ ನಿಲ್ಲಿಸಿದಳು. ಆಕೆ ಹೇಳಿದ್ದು ನನಗೆ ದಡಕ್ಕೇ ಕೇಳಿಸಿತು: “ಸಾರ್, ಕೀಲಿ ಕೊಡಿ. ನಿಮ್ಮ ಹಗ್ಗ ದಡಕ್ಕೆ ಮುಟ್ಟಿಸ್ತೀನಿ, ಮಾತು.” ಅವರು ಬಗ್ಗಿ ಕೀಲಿ ಕೊಟ್ಟರು. ಅಂಗಿ ಮೊದಲ ಸಲ ಸುಕ್ಕಾಯಿತು.

ನಾಲ್ಕೂವರೆಗೆ ಆಕೆ ಜೆಟ್ಟಿಯ ಹತ್ತಿರ ಬಂದು ಕೀಲಿಯನ್ನು ನನ್ನ ಕಡೆ ಎಸೆದು ದೋಣಿ ತಿರುಗಿಸಿದಳು. ನಾನು, ಬೇಡಮ್ಮ, ಮೊದಲು ನೀನು ಮೇಲೆ ಬಾ, ಅವರು ಸ್ವಲ್ಪ ಹೊತ್ತು ತೇಲಲಿ, ಲಂಗರಿದೆ, ಎಲ್ಲೂ ಹೋಗುವುದಿಲ್ಲ ಎಂದೆ. ಅವಳು, “ಮಾತು ಕೊಟ್ಟಿದ್ದೀನಿ ಮಾವ. ಅಲ್ಲೊಬ್ರು ಅಜ್ಜಿ ಹೆದರ್ಕೊಂಡು ಅಳ್ತಿದಾರೆ, ಅವ್ರೇನು ಮಾಡಿದ್ರು ಪಾಪ” ಎಂದಳು. ಆ ಅಜ್ಜಿಯನ್ನು ನಾನು ನೋಡಿರಲಿಲ್ಲ.

ನಾನು ಶೆಡ್ಡಿಗೆ ಓಡಿದೆ. ಐದು ಕುರ್ಚಿಗಳನ್ನೂ ಒಂದರ ಮೇಲೊಂದು ಒಟ್ಟಿದ್ದರು. ದರ್ಜಿಯ ಕುರ್ಚಿ ಎಲ್ಲದರ ಅಡಿಯಲ್ಲಿತ್ತು. ಅದರ ಮೆತ್ತೆಗೆ ಮೇಲಿನ ಕುರ್ಚಿಯ ಕಾಲುಹಲಗೆ ಚುಚ್ಚಿ ಗಾಳಿಯೆಲ್ಲ ಹೋಗಿತ್ತು. ಆಕೆಯ ಹಸಿರು ಚಪ್ಪಲಿ ಡೀಸೆಲ್‌ನಲ್ಲಿ ನೆನೆದಿತ್ತು. ಕಾವಲುಗಾರ ಬಾಗಿಲಲ್ಲಿ ನಿಂತು ತಪ್ಪಾಯ್ತು, ತಪ್ಪಾಯ್ತು ಎಂದು ಅಷ್ಟನ್ನೇ ಹೇಳುತ್ತಿದ್ದ. ನಾಲ್ಕು ಕುರ್ಚಿ ಹೊರಗೆ ತಂದು, ಕ್ರೇನಿನ ಗುಲಾಬಿ ಬಟ್ಟೆ ಹರಿದುಹಾಕಿ, ನಾಲ್ವರನ್ನು ಎತ್ತಿಸಿದೆವು. ಬಟ್ಟೆ ಹರಿದದ್ದಕ್ಕೂ ಕೇಸು ಹಾಕುವುದಾದರೆ ಹಾಕಬಹುದು.

ನಾಲ್ಕು ಮುಕ್ಕಾಲಿಗೆ ಗೇಟಿನಲ್ಲಿ ಸಾಮಾನು ಆಟೋ ಬಂದು ನಿಂತಿತು. ಅದರಿಂದ ದರ್ಜಿಯ ಅಕ್ಕ ಇಳಿದಳು. ಜೊತೆಗೆ ಮನೆಯ ಹಳೆಯ ಗಾಲಿಕುರ್ಚಿ, ಅದಕ್ಕೊಂದು ಗಾಳಿಮೆತ್ತೆ. ತಂಗಿ ಮೂರು ನಲವತ್ತಕ್ಕೇ ಫೋನು ಮಾಡಿ ತರಲು ಹೇಳಿದ್ದಳಂತೆ. ಅಂದರೆ ನಾನು ಶಾಮಿಯಾನದ ಕಡೆ ಹೆಜ್ಜೆ ಹಾಕುವ ಹೊತ್ತಿಗೆ, ಇಸ್ತ್ರಿಯ ಹತ್ತಿರ ಗೋಗರೆಯುವ ಮೊದಲೇ, ಆಕೆ ತನ್ನ ವ್ಯವಸ್ಥೆ ತಾನು ಮಾಡಿಕೊಂಡಾಗಿತ್ತು. “ಎಲ್ಲಿ ಅವ್ಳು?” ಎಂದು ಅಕ್ಕ ಕೇಳಿದಳು. ನಾನು ನೀರಿನ ಕಡೆ ಕೈ ತೋರಿಸಿದೆ.

ಅವಳು ನೀರಿನಿಂದ ವೇದಿಕೆಯ ಹಗ್ಗದ ತುದಿ ಎತ್ತಿಕೊಂಡು ದಡಕ್ಕೆ ಬರುತ್ತಿದ್ದಳು. ಗಾಳಿ ಎದುರು. ಹಾಯಿದೋಣಿ ಎದುರುಗಾಳಿಗೆ ನೆಟ್ಟಗೆ ಬರಲಾರದು, ಆ ಕಡೆ ಈ ಕಡೆ ಓರೆಯಾಗಿ ತಿರುಗಿ ತಿರುಗಿ ಬರಬೇಕು. ಒಂದು ಕೈಯಲ್ಲಿ ಒದ್ದೆ ಹಗ್ಗ, ಒಂದು ಕೈಯಲ್ಲಿ ಚುಕ್ಕಾಣಿ. ಮೈ ಎತ್ತಲು ಕೈಯೇ ಉಳಿದಿರಲಿಲ್ಲ. ಎರಡು ಸಲ ಹಗ್ಗ ಕೈಜಾರಿತು, ಎರಡು ಸಲವೂ ತಿರುಗಿ ಹೋದಳು. ಮ್ಯಾನೇಜರ್ ಇಲ್ಲಿ ತೋರಿಸಿರುವ ವಿಡಿಯೋ ಆಗಿನದು. ವೇದಿಕೆಯ ಮೇಲಿದ್ದ ಮಹನೀಯರೊಬ್ಬರು ತೆಗೆದದ್ದು. ಅದರಲ್ಲಿ ದರ್ಜಿ ಹಗ್ಗ ಹಿಡಿದು ವೇದಿಕೆಯಿಂದ ದೂರ ಹೋಗುತ್ತಿರುವುದು ಕಾಣುತ್ತದೆ. ಬಿಚ್ಚಿಕೊಂಡು ಹೋಗುತ್ತಿಲ್ಲ ಮ್ಯಾನೇಜರ್ ಸ್ವಾಮಿ. ನಿಮ್ಮನ್ನು ಎಳೆದು ದಡ ಸೇರಿಸಲು ತರುತ್ತಿದ್ದಾಳೆ. ಉಪಕಾರ ಮಾಡುವ ಕೈಯನ್ನು ಕಳ್ಳನ ಕೈ ಎಂದು ಠಾಣೆಗೆ ತಂದು ತೋರಿಸಿದ್ದೀರಿ.

ಐದು ಗಂಟೆ ಐದು ನಿಮಿಷಕ್ಕೆ ಹಗ್ಗ ನನ್ನ ಕೈಗೆ ಬಂತು. ನಾನು, ಕಾವಲುಗಾರ, ಮೇಷ್ಟ್ರು ಮೂವರೂ ಎಳೆದೆವು. ವೇದಿಕೆ ಮುಟ್ಟಿತು. ಅತಿಥಿಗಳು ಇಳಿದು ದರ್ಜಿಯ ದೋಣಿಯ ಪಕ್ಕದಲ್ಲೇ ಹಾದು ಹೋದರು. ಅಜ್ಜಿಯೊಬ್ಬರೇ ನಿಂತು ಆಕೆಯ ಕಡೆ ಕೈಮುಗಿದರು. ಐದೂಕಾಲಿಗೆ ಆಕೆಯನ್ನು ಎತ್ತಿ ಹಳೆಯ ಕುರ್ಚಿಯಲ್ಲಿ ಕೂರಿಸಿದೆವು. ಅಕ್ಕ ಕುರ್ಚಿಯನ್ನು ಆಟೋ ಕಡೆ ನೂಕಿಕೊಂಡು ಹೋದಳು.

ಆಸ್ಪತ್ರೆಯಲ್ಲಿ ನರ್ಸು ಆಕೆಯನ್ನು ಬೋರಲು ಮಲಗಿಸಿ ನೋಡಿದರಂತೆ. ಅಂಗೈಯಗಲ ಕೆಂಪಾಗಿತ್ತು. ಒತ್ತಿದರೆ ಕೆಂಪು ಬಿಳಿಯಾಗಬೇಕು. ಆಗಲಿಲ್ಲ. ಮೂರು ವಾರ ಬೋರಲು ಮಲಗಿರಬೇಕು, ಕೂರುವಂತಿಲ್ಲ ಎಂದಿದ್ದಾರೆ. ಮುಂದಿನ ಭಾನುವಾರ ಹೊಸಬರು ಬರುತ್ತಾರೆ. ಗುರು ಬರುವುದಿಲ್ಲ.

ಕುರ್ಚಿಗಳನ್ನು ಬೀಗ ಹಾಕಿ ಇಟ್ಟದ್ದಕ್ಕೆ, ಕೇಳಿದರೂ ಕೀಲಿ ಕೊಡದೇ ಇದ್ದದ್ದಕ್ಕೆ, ಮೆತ್ತೆ ಹಾಳುಮಾಡಿದ್ದಕ್ಕೆ, ಆ ಒಂದು ಮಾತಿಗೆ, ಮ್ಯಾನೇಜರ್ ಮೇಲೆ ಕ್ರಮ ತೆಗೆದುಕೊಳ್ಳಬೇಕು. ಮಾತಿಗೆ ಕಲಂ ಇಲ್ಲ ಎಂದು ರೈಟರ್ ಹೇಳುತ್ತಿದ್ದಾರೆ. ಇರಬೇಕಿತ್ತು.

ಗಂಟೆಯನ್ನು ಮೊದಲೇ ಒಪ್ಪಿಕೊಂಡಾಯಿತು. ಇನ್ನು ಗಂಟು.

ವೇದಿಕೆಯನ್ನು ಜೆಟ್ಟಿಯ ಕಬ್ಬಿಣದ ಬಳೆಗೆ ಶನಿವಾರ ಕಟ್ಟಿದವನು ನಾನೇ. ಕ್ಲಬ್ಬಿನಲ್ಲಿ ಯಾರಿಗೂ ಸರಿಯಾಗಿ ಗಂಟು ಹಾಕಲು ಬಾರದು ಎಂದು ಮ್ಯಾನೇಜರ್ ನನ್ನನ್ನು ಕರೆಸಿದ್ದರು. ಬಳೆ ಇರುವುದು ಜೆಟ್ಟಿಯ ಮೇಲೆ. ದೋಣಿಯಲ್ಲಿ ಕೂತವರಿಗೆ ಕೈ ನಿಲುಕುವುದಿಲ್ಲ, ಬೇಕಾದರೆ ಇಂದೇ ಬಂದು ಅಳೆದು ನೋಡಬಹುದು. ನಿನ್ನೆ ಸ್ಥಳದಲ್ಲಿ ಕಾನ್‌ಸ್ಟೇಬಲ್ ಕೇಳಿದಾಗ ಗಾಳಿ ಬಿಚ್ಚಿತು ಎಂದೆ. ಅವರು ಬರೆದುಕೊಂಡರು. ನನ್ನ ಅಡ್ಡಹೆಸರು ಅವರಿಗೆ ಗೊತ್ತಿರಲಿಲ್ಲ, ನನಗೆ ಒಳಗೊಳಗೇ ನಗು ಬಂತು. ನನ್ನ ಗಂಟು ಗಾಳಿಗೆ ಬಿಚ್ಚುವುದಿಲ್ಲ. ಮೂವತ್ತು ವರ್ಷ ಫೆರಿಯಲ್ಲಿ ಒಂದೂ ಬಿಚ್ಚಿಲ್ಲ.

ನಾನು ಬಳೆಯ ಕಡೆ ಬಗ್ಗಿದಾಗ ಆಕೆ ಕೆಳಗೆ ದೋಣಿಯಿಂದ ನೋಡಿದಳು. ಬೇಡ ಎಂದು ತಲೆಯಾಡಿಸಿದಳು. ನಾನು ಅದನ್ನು ನೋಡಿದೆ. ಆಕೆ ಇದುವರೆಗೆ ನಿಮಗೆ ಹೇಳಿಲ್ಲ. ಹೇಳುವುದೂ ಇಲ್ಲ.

ಇಂದು ಬೆಳಿಗ್ಗೆ ಆಸ್ಪತ್ರೆಗೆ ಹೋಗಿದ್ದೆ. ಆಕೆ ದಿಂಬಿಗೆ ಮುಖ ಒತ್ತಿ ಮಲಗಿದ್ದಳು. ನಾನು ಏನೋ ಒಂದು ತಮಾಷೆಯ ಮಾತು ಸಿದ್ಧ ಮಾಡಿಕೊಂಡು ಹೋಗಿದ್ದೆ. ತಲೆ ಎತ್ತದೆ, “ನಾಲ್ಕು ಮುಕ್ಕಾಲಿಗೆ ಅಕ್ಕ ಬಂದಿದ್ಲು. ನಾನು ಆಗ್ಲೇ ಎದ್ದುಬಿಡ್ತಿದ್ದೆ. ಯಾರು ಮಾವ ನಿಮ್ಮನ್ನ ಕೇಳಿದ್ದು?” ಎಂದಳು. ಮ್ಯಾನೇಜರ್ ಆಕೆಯನ್ನು ಎಷ್ಟು ಹೊತ್ತು ಕೂರಿಸಿದರೋ ಅದರ ಮೇಲೆ ಅರ್ಧ ಗಂಟೆ ಕೂರಿಸಿದವನು ನಾನು. ದೂರು ಆಕೆಯ ತಲೆಗೆ ಬಂದದ್ದೂ ನನ್ನಿಂದ.

ಹಗ್ಗ ಬಿಚ್ಚಿದವನು ನಾನು. ಎರಡೂ ಕೈಯಿಂದ, ನಿಧಾನವಾಗಿ, ಖುಷಿಯಿಂದ ಬಿಚ್ಚಿದೆ. ಯಾರೂ ಕೇಳಿರಲಿಲ್ಲ.

ಮೇಲೆ ಬರೆದದ್ದನ್ನು ರೈಟರ್ ಎರಡು ಸಲ ಓದಿ ಹೇಳಿದರು, ಕೇಳಿಸಿಕೊಂಡೆ. ಗಂಟೆಯ ಸದ್ದೊಂದು ಬಿಟ್ಟು ಇದರಲ್ಲಿ ಯಾವುದೂ ಸುಳ್ಳಲ್ಲ.

ಸ್ಥಳ: ಠಾಣೆಯ ಮುಂಗೋಣೆ, ಫ್ಯಾನಿನ ಕೆಳಗಿನ ಬೆಂಚು
ದಿನ: ಸೋಮವಾರ, ಮಧ್ಯಾಹ್ನ
ಸಹಿ: ಕೇಳಿ ಹಾಕಿಸಿಕೊಂಡದ್ದು